ಕಚ್ಚಿ ಹಿಡಿಯುವ ಮುನ್ನ

ಬೈಪಾಸಿನ ಮಂಜೂರ್ ಟೈರಿನ ಅಂಚಿಗೆ ಉಗುರೊತ್ತಿ
ಹೇಳಿದ್ದ ಮೊನ್ನೆಯೇ:
"ಇದು ಬ್ಯಾಸಿಗೆ ರಬ್ಬರು ಡಾಕ್ಟ್ರಮ್ಮ,
ಚಳಿ ಬಿದ್ರೆ ಮುನಿಸ್ಕೊಂಡ ಬೀಗರ ಹಾಗೆ.
ಪಂಕ್ತಿಗೆ ಕೂರ್ತಾರೆ, ಎಲೆ ಮುಟ್ಟಲ್ಲ."

ನಕ್ಕಿದ್ದೆ.
ವಿನೋಬನಗರದ ಸೈಟು ಮಾರಿ ತಂದದ್ದು,
ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ತಾಗುವಂಥದು,
ಕಳಿತ ಗೇರುಹಣ್ಣಿನ ಹಳದಿ.
ಐವತ್ಮೂರಕ್ಕೆ ಇದೇನು ಎಂದವರಿಗೆ
ಉತ್ತರ ಕೊಡಲು ಹೋಗಲಿಲ್ಲ.
ಇಪ್ಪತ್ತೆಂಟು ವರ್ಷ ಪರರ ಬಾಯೊಳಗೆ
ಕೂದಲೆಳೆಯಷ್ಟು, ಕೂದಲೆಳೆಯಷ್ಟು ಸರಿದ ಕೈ ಇದು,
ಒಮ್ಮೆಯಾದರೂ
ತೋಳುದ್ದ ತಿರುಗಲಿ ಎಂದುಕೊಂಡೆ. ಅಷ್ಟೆ.

ಜನವರಿ. ಐದೂವರೆ.
ದುರ್ಗಿಗುಡಿಯಲ್ಲಿ ಒಂದು ಇಡ್ಲಿ ಪಾತ್ರೆಗೆ ಮಾತ್ರ ಎಚ್ಚರ.
ಮೀಟರಿನ ಮೂಲೆಯಲ್ಲಿ ಎಂಟು ಎಂಬ ಅಂಕಿ.
ಗಡಿಯಾರ ಮುಂದಿದೆ ಎಂದುಕೊಂಡೆ,
ಅದು ಚಳಿಯ ಲೆಕ್ಕ.

ಗಾಜನೂರು ದಾಟುವಾಗ
ತುಂಗೆ ತನ್ನ ಉಸಿರನ್ನೆಲ್ಲ ರಸ್ತೆಗೆ ಹರವಿದ್ದಳು.
ಎಂಜಿನ್ನಿಗೆ ಮೈಯೆಲ್ಲ ಕೆಂಡ,
ಪಾದಕ್ಕಿನ್ನೂ ಸುದ್ದಿಯೇ ಮುಟ್ಟಿಲ್ಲ,
ನಾನೂ ವಿಚಾರಿಸಲಿಲ್ಲ.
ಸಕ್ರೆಬೈಲಿನ ಆಚೆ, ಬಿದಿರು ಬಾಗಿದ ತಿರುವು,
ಎಪ್ಪತ್ತರಲ್ಲಿದ್ದೆ.
ಕೈ ತಿರುಗಿತು,
ಕಾರು ತಿರುಗಲಿಲ್ಲ.
ಆಮೇಲೆ ತಿರುಗಿತು, ತನಗೆ ತೋಚಿದಷ್ಟು.

ಸದ್ದೇ ಇರಲಿಲ್ಲ, ಗೊತ್ತೆ?
ಬಚ್ಚಲುಕಲ್ಲಿನ ಮೇಲೆ ಸಾಬೂನಿನ ಬಿಲ್ಲೆ.
ಮೈಲಿಗಲ್ಲು ಬಂತು, ಹೋಯಿತು,
ಹೊಳೆ ಬಂತು, ಹೋಯಿತು,
ಮತ್ತೆ ಅದೇ ಮೈಲಿಗಲ್ಲು,
ತೀರ್ಥಹಳ್ಳಿ ಎನ್ನುತ್ತಿದ್ದುದು
ಈಗ ಶಿವಮೊಗ್ಗ ಎಂದಿತು.
ನಿಂತೆ. ಬಂದ ಕಡೆಗೇ ಮುಖ.

ಇಳಿದು ಬಾನೆಟ್ಟು ಮುಟ್ಟಿದರೆ ರೊಟ್ಟಿ ಹೆಂಚು.
ಟೈರು ಮುಟ್ಟಿದರೆ
ಪುಷ್ಯಮಾಸದ ಕೊಬ್ಬರಿ ಎಣ್ಣೆಯ ಶೀಸೆ,
ತಲೆಕೆಳಗೆ ಹಿಡಿದರೂ ಹನಿ ಇಳಿಯದ್ದು.

ಬಿದಿರು ಸರಿಸಿ ಆನೆಯೊಂದು ಹೊರಬಂತು,
ಹಿಂದೆ ಎಳೆಯುತ್ತ ಸರಪಳಿ,
ಮೇಲೆ ಕಂಬಳಿಯೊಳಗೆ ಮಾವುತ ಫಕ್ರುದ್ದೀನ್,
ಅವನ ದವಡೆಹಲ್ಲು ಕಿತ್ತದ್ದು ನಾನೇ.
ಏನಾಯ್ತು ಎಂದು ಕೇಳಲಿಲ್ಲ.
"ಲೀಟರಿಗೆ ಎಷ್ಟು ಕೊಡ್ತದೆ?" ಎಂದ.
"ಏಳು."
"ಪರವಾಗಿಲ್ಲ ಬಿಡಿ, ಇವಳಿಗಿಂತ ಅಗ್ಗ."
ಅವಳು ಟಾರಿನ ಮೇಲೆ ಕಾಲಿಟ್ಟಳು:
ಮೊದಲು ಉಗುರು, ಹಿಂದೆ ಅಂಗಾಲು,
ನೆಲ ಹೂಂ ಎಂದ ಮೇಲೆ ಭಾರ.
ಮೂರು ಸಾವಿರ ಕೆಜಿ
ಇಬ್ಬನಿಯ ಮೇಲೆ ರಸ್ತೆ ದಾಟಿ ಹೊಳೆಗಿಳಿಯಿತು.

ಮರಳುವಾಗ ನಲವತ್ತು.
ಹಾಲಿನ ಟೆಂಪೋ ಹಾರನ್ ಬಾರಿಸಿ ಮುಂದೆ ಹೋಯಿತು,
ಕ್ಲೀನರ್ ಹುಡುಗ ಕಿಟಕಿಯಿಂದ ಕೈಬೀಸಿದ. ಬೀಸಲಿ.
ಸಣ್ಣ ತಿರುವುಗಳನ್ನು ಒಂದೊಂದೇ ಕೊಟ್ಟೆ
ಜ್ವರ ಬಿಟ್ಟ ಮಗುವಿಗೆ ಗಂಜಿ ಕೊಟ್ಟಂತೆ.
ಅಣೆಕಟ್ಟಿನ ಏರಿಗೆ ಬಿಸಿಲು ಹತ್ತಿತ್ತು.
ಐದನೆಯದೋ, ಆರನೆಯದೋ,
ರಬ್ಬರು ಜಲ್ಲಿಯ ತರಿಗೆ ಹಲ್ಲೂರಿದ್ದು
ಸೀಟಿನಡಿಯಿಂದ ಹೊರಟು
ಬೆನ್ನುಹುರಿಯ ತುದಿಗೆ ಮುಟ್ಟಿತು.

ನನಗಿದು ಗೊತ್ತಿರಬೇಕಿತ್ತು.
ದಿನಾ ಮೇಣದ ಹಾಳೆಯನ್ನು ದೀಪಕ್ಕೆ ಹಿಡಿದು,
ಮೆದುವಾದ ಮೇಲೆಯೇ ದವಡೆಗಳ ನಡುವಿಟ್ಟು
"ಕಚ್ಚಿ. ಮೆಲ್ಲಗೆ. ಹಾಂ, ಹಾಗೇ ಹಿಡ್ಕೊಳ್ಳಿ"
ಎನ್ನುವವಳು ನಾನೇ ಅಲ್ಲವೆ.

ಹತ್ತು ಗಂಟೆಗೆ ಹೊಳಲೂರಿನ ಪುಟ್ಟನಂಜಪ್ಪ ಮೇಷ್ಟ್ರು
ಹೊಸ ಹಲ್ಲುಸೆಟ್ಟಿನ ಅಳತೆಗೆ ಬಂದವರು
ಕನ್ನಡಕದ ಮೇಲಿಂದ ನೋಡಿ,
"ಯಾಕಮ್ಮ, ಕೈ ನಡುಗ್ತಾ ಇದೆ?"
"ಚಳಿ ಮೇಷ್ಟ್ರೆ," ಎಂದೆ.
ಸುಳ್ಳೇನಲ್ಲ.