ಏಳನೇ ಹಾಡು ಜಿಗಿಯುವ ಜಾಗ

ಡಾಂಬರಿನ ಹಡಗಿನಲ್ಲಿ ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದ
ಫಿಲಿಪೀನ್ಸಿನ ರೆನಾಟೋ
ಬೈತಖೋಲ ಬಂದರಿನ ಗೇಟಿನ ಹೊರಗೆ
ಎರಡು ಸೇರು ಒಣಸೀಗಡಿಗೆ ಬದಲಾಗಿ ಕೊಟ್ಟದ್ದು
ಒಂದು ಸೀಡಿ.
ಹೊದಿಕೆಯ ಮೇಲೆ ಸಮುದ್ರ, ಸಮುದ್ರದ ಮೇಲೆ ಕುದುರೆ,
ಕುದುರೆಯ ಮೇಲೆ ಕಬ್ಬಿಣ ತೊಟ್ಟ ಒಬ್ಬ.
ಅಕ್ಷರಗಳು ಮೀನುಮುಳ್ಳಿನ ಹಾಗೆ. ಓದಲಾಗಲಿಲ್ಲ.
"ಜರ್ಮನಿ" ಅಂದ. ಎದೆ ಮುಟ್ಟಿಕೊಂಡ. ಹೋದ.

ಆಗ ನಾನು 'ಸಾಂತೇರಿ ಪ್ರಸನ್ನ' ಬೋಟಿನ ಡ್ರೈವರು.
ಡ್ರೈವರು ಅಂದರೆ ಚುಕ್ಕಾಣಿ ಹಿಡಿಯುವವನಲ್ಲ,
ಚುಕ್ಕಾಣಿ ತಾಂಡೇಲನದು, ಅಡಿಯ ನಡುಕ ನನ್ನದು.
ಹಳೆ ಟೆಂಪೋದಿಂದ ಬಿಚ್ಚಿ ತಂದ ಪೆಟ್ಟಿಗೆಗೆ
ಮೊದಲ ಸಲ ತಳ್ಳಿದಾಗ
ದೇವಗಡದ ದೀಪ ಇನ್ನೂ ಹಿಂದೆ ಕಾಣುತ್ತಿತ್ತು.
ಗುಣವಂತ ತಾಂಡೇಲ ಕೇಳಿದ: "ಯಾರಿಗೆ ಹೊಡೀತಿದ್ದಾರೋ?"
ಅಡುಗೆಯ ಹುಡುಗ ಇನಾಸ ಕಿವಿಯಿಟ್ಟು ಹೇಳಿದ:
"ಇದು ಇಗರ್ಜಿಯದೇ ಹಾಡು. ಓಡ್ತಾ ಉಂಟು, ಅಷ್ಟೇ."

ನನಗೆ ಕೇಳಿಸಿದ್ದು ಬೇರೆ.
ಎರಡೂ ಕಾಲಲ್ಲಿ ಡ್ರಮ್ಮು ತುಳಿಯುವ ಆ ಪುಣ್ಯಾತ್ಮ
ಒಂದು ಸಿಲಿಂಡರೂ ಮಿಸ್ ಹೊಡೆಯುತ್ತಿರಲಿಲ್ಲ.
ನಮ್ಮದರಲ್ಲಿ ನಾಲ್ಕನೆಯದು ಸದಾ ಕೆಮ್ಮು.
ಇಂಜೆಕ್ಟರ್ ಬಿಚ್ಚಿದೆ, ಒರೆಸಿದೆ, ಕೂಡಿಸಿದೆ, ಮತ್ತೆ ಬಿಚ್ಚಿದೆ,
ಹಾಡಿನ ಪಕ್ಕ ನಿಂತರೆ ನಾಚಿಕೆಯಾಗದಷ್ಟು ಸರಿಯಾಗುವವರೆಗೆ.
ದಿನಕ್ಕೆ ಹನ್ನೊಂದು ಲೀಟರು ಡೀಸೆಲ್ ಉಳಿಯಿತು.
ಕಾರಣ ಹೇಳಿದರೆ ಮಾಲೀಕ ನಂಬಲಿಲ್ಲ.

ಸುತ್ತು ಹಾಕಿ, ಬಲೆಯ ಬಾಯಿ ಬಿಗಿದ ಮೇಲೆ
ಉಳಿಯುವುದು ಕೈ ಮಾತ್ರ. ಇಪ್ಪತ್ತಾರು ಜನರ ಕೈ.
ರಂಪಣಿ ಎಳೆವ ಕೂಗು ಅಜ್ಜಂದಿರ ಗಂಟಲಲ್ಲೇ ಉಳಿದು
ನಮಗೆ ತಾಳವೆಂದರೆ ಬೈಗುಳ.
ಒಂದು ನಸುಕಿನಲ್ಲಿ, ಕೂರ್ಮಗಡದ ಆಚೆ,
ತಾರ್ಲೆ ತುಂಬಿ ಬೋಟೇ ವಾಲಿದ ಹೊತ್ತು,
ಮೂರನೇ ಹಾಡಿನವ ದನಿ ಎತ್ತಿದ.
ಗಂಡಸಿನ ದನಿ ಅಷ್ಟು ಮೇಲೆ ಹತ್ತಿದ್ದು
ಆಟದ ಭಾಗವತರನ್ನು ಬಿಟ್ಟರೆ ನಾನು ಕೇಳಿಲ್ಲ.
ಯಾರೂ ಹೇಳದೆ ಎಲ್ಲರೂ ಒಟ್ಟಿಗೆ ಎಳೆದರು.
ಅವನು ಉಸಿರು ಬಿಡುವ ತನಕ ಎಳೆದರು.

ಆಮೇಲೆ ಆ ಆಲ್ಬಮ್ಮು ಬೋಟಿನ ಸಾಮಾನು:
ಐಸು, ಹಗ್ಗ, ಸೀಸದ ಗುಂಡು, ಜರ್ಮನಿ.
ಅದರಲ್ಲಿ ಏನಿದೆ ಎಂದು ಜಗಳ.
ದೇವದೂತನ ಕತ್ತಿ, ಅಂದ ಇನಾಸ.
"ಯಾರದೋ ಬಲೆ ಕದ್ದಿದ್ದಾರೆ, ಅದಕ್ಕೇ ಯುದ್ಧ"
ವಿಠೋಬ ಕಡೆಯವರೆಗೂ ಇದನ್ನು ಬಿಡಲಿಲ್ಲ.

ಉಪ್ಪು ಎಲ್ಲವನ್ನೂ ತಿನ್ನುತ್ತದೆ.
ಏಳನೇ ಹಾಡು, ಗದ್ದಲವೆಲ್ಲ ಇಳಿದು
ಪಿಯಾನೋ ಒಂದೇ ಉಳಿಯುವ ಕಡೆ,
ಟಕ್ಕನೆ ಜಿಗಿಯತೊಡಗಿತು.
ಕೊಬ್ಬರಿ ಎಣ್ಣೆ ಸವರಿದೆ, ಹಲ್ಲಿನ ಪೇಸ್ಟು ತಿಕ್ಕಿದೆ.
ಜಿಗಿಯಿತು.
ಕೈಗಳು ಕಲಿತುಕೊಂಡವು.
ಅಲ್ಲಿ ಬಂದಾಗ ಹಗ್ಗ ಎದೆಗೊತ್ತಿ, ಒಂದು ಉಸಿರು,
ಅಂಗೈಗೆ ಒಂದು ಉಗುಳು,
ಮತ್ತೆ ಹೋಯ್.
ಒಮ್ಮೆ ಆ ಒಂದು ಉಸಿರಿನಲ್ಲೇ
ವಿಠೋಬ ಹಗ್ಗದ ಸುತ್ತಿನಿಂದ ಹೆಬ್ಬೆರಳು ಎಳೆದುಕೊಂಡ.
ಇಲ್ಲದಿದ್ದರೆ ಅದು ಮೀನಿಗೆ.

ಈಗ ಬಲೆಯನ್ನು ಯಂತ್ರ ಎಳೆಯುತ್ತದೆ.
ನಾನು ಕೋಡಿಬಾಗದ ಗ್ಯಾರೇಜಿನಲ್ಲಿ ಪಂಪು ರಿಪೇರಿ.
ಮೊನ್ನೆ ಮೊಮ್ಮಗಳು ಪ್ರಣಿತಾ
ಬಣ್ಣ ಹೋದ ಹೊದಿಕೆಯ ಫೋಟೋ ತೆಗೆದು
ಎಲ್ಲಿಂದಲೋ ಇಡೀ ಆಲ್ಬಮ್ಮನ್ನೇ ಫೋನಿಗೆ ಇಳಿಸಿ
ಸ್ಪಾನರುಗಳ ನಡುವೆ ಇಟ್ಟಳು.
ಒಂದು, ಎರಡು, ಮೂರು: ಭುಜ ಬಿಗಿಯಿತು.
ಏಳು. ಪಿಯಾನೋ ಬಂತು.
ಜಿಗಿಯಲಿಲ್ಲ.
ನಡೆದುಕೊಂಡೇ ಹೋಯಿತು. ನಾಲ್ಕು ಸಾಲು.
ಅಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು.

ಮೆಲ್ಲಗೆ, ಯಾರನ್ನೂ ಎಬ್ಬಿಸದ ಹಾಗೆ.
ಅಷ್ಟು ವರ್ಷ, ಹೆಂಗಸರು ಕಾಲಿಡದ ನಮ್ಮ ಬೋಟಿನಲ್ಲಿ,
ಇಪ್ಪತ್ತಾರು ಗಂಡಸರು ಉಗುಳಿಕೊಳ್ಳುವ ಹೊತ್ತಿನಲ್ಲಿ,
ಅವಳು ಇದ್ದಳು.
ವಿಠೋಬನಿಗೆ ಹೇಳಬೇಕು ಅನ್ನಿಸಿತು. ವಿಠೋಬ ಇಲ್ಲ.

"ಅಜ್ಜಾ, ಕೈಗೆ ಏನಾಯ್ತು?"
ನೋಡಿಕೊಂಡೆ. ಅಂಗೈ ಒದ್ದೆ.
ಹದಿನಾಲ್ಕರ ಸ್ಪಾನರು ಹುಡುಕುವವನ ಹಾಗೆ
ಬೆಂಚಿನ ಅಡಿಗೆ ಬಗ್ಗಿದೆ.