ಕೈಗುಣ

ಫರ್ವಾನಿಯಾದ ಆಸ್ಪತ್ರೆಗೆ ಬಂದು
ನನ್ನ ಎರಡು ಕೈಗಳನ್ನಷ್ಟೇ
ಒಂದು ಶುಕ್ರವಾರದ ಮಟ್ಟಿಗೆ ಬಾಡಿಗೆಗೆ ಕೇಳಿದರು.
ರಂಜಾನಿಗೆ ಬರುವ ಧಾರಾವಾಹಿಯಂತೆ,
ಸರ್ಜರಿ ಕಲಿಯುವ ಐದು ಮಂದಿ ಹುಡುಗ ಹುಡುಗಿಯರ ಕತೆ.
ನಾಯಕಿಗೆ ಮುಖವಿದೆ, ಅಳಲು ಬರುತ್ತದೆ,
ಗಂಟು ಹಾಕಲು ಬರುವುದಿಲ್ಲ.

ಶುವೈಖಿನ ಗೋದಾಮಿನೊಳಗೆ ಆಪರೇಷನ್ ಥಿಯೇಟರು.
ನಮ್ಮದಕ್ಕಿಂತ ಚೆಂದ, ಮಾರಾಯ್ರೆ!
ಗೋಡೆಗೆಲ್ಲ ನೀಲಿ ಬೆಳಕು,
ಯಾರ ಚಪ್ಪಲಿಗೂ ಏನೂ ಅಂಟಿಲ್ಲ.
ಮೇಜಿನ ಮೇಲೆ ಸಿಲಿಕೋನಿನ ಹೊಟ್ಟೆ,
ಅದರೊಳಗೆ ವಿಮ್ಟೋ ಶರಬತ್ತಿಗೆ ಜೋಳದ ಹಿಟ್ಟು ಕಲಸಿದ ನೆತ್ತರು.
ಇರುವೆ ಹತ್ತಿತ್ತು.

ಮೊದಲು ಕೈ ತೊಳೆಯುವ ದೃಶ್ಯ.
ಎಡ ಹೆಬ್ಬೆರಳ ಬುಡದಲ್ಲಿ ನನಗೊಂದು ಗೀರು,
ಇಲ್ಲಿಗೆ ಬಂದ ವರ್ಷವೇ ಆಂಪ್ಯೂಲ್ ಒಡೆದು ಆದದ್ದು.
ನಾಯಕಿಗೆ ಗೀರಿಲ್ಲವೆಂದು ಬಣ್ಣ ಬಳಿದರು.
ಉಗುರಿನಿಂದ ಮೊಣಕೈವರೆಗೆ ಲೆಕ್ಕ ಹಿಡಿದು ಉಜ್ಜತೊಡಗಿದೆ.
ಹತ್ತು ಸೆಕೆಂಡು ಸಾಕು ಸಿಸ್ಟರ್ ಸೆವ್ರಿನ್, ಅಂದ ನಿರ್ದೇಶಕ.
ಹತ್ತಕ್ಕೆ ನಿಲ್ಲುವುದು ನನ್ನ ಕೈಗೆ ಗೊತ್ತಿಲ್ಲ.

ಆಮೇಲೆ ಗ್ಲೌಸು, ಆರೂವರೆ ಸೈಜು. ಸೂಜಿ. ನೂಲು.
ಮೂರು ಗಂಟು.
ಬಹಳ ಚೆನ್ನಾಯಿತು, ಈಗ ನಡುಗಿ, ಅಂದ,
ಇದು ಅವಳ ಮೊದಲ ಆಪರೇಷನ್ನು.

ನಡುಗಲಿಲ್ಲ.
ನಡುಗಬಾರದೆಂದೇ ಹತ್ತೊಂಬತ್ತು ವರ್ಷ ಸಂಬಳ ಕೊಟ್ಟಿದ್ದಾರೆ.
ಸತ್ತವರನ್ನು ನೆನೆಸಿಕೊಳ್ಳಿ ಅಂದ. ನೆನೆದೆ,
ಕೈ ಇನ್ನಷ್ಟು ನಿಧಾನವಾಯಿತು.
ಐಸ್ ನೀರಿನಲ್ಲಿ ಅದ್ದಿಸಿದ. ಕೆಂಪಾಯಿತು, ಅಷ್ಟೆ.
ಕೊನೆಗೆ ಲೈಟು ಹಿಡಿಯುವ ಸಿಲೆಟ್ಟಿನ ಹುಡುಗ ಶಫೀಕುಲ್
ಮೇಜಿನಡಿ ನುಸುಳಿ ಅದರ ಕಾಲು ಹಿಡಿದು ಅಲ್ಲಾಡಿಸಿದ.
ನಡುಗಿದ್ದು ಹೊಟ್ಟೆ.
ಕಂಡದ್ದು ಕೈ.

ಲಕೋಟೆಯಲ್ಲಿ ನಲವತ್ತು ದೀನಾರು.
ಹೆಸರಿರಬೇಕಾದಲ್ಲಿ ಅರಬಿಯ ಎರಡಕ್ಷರ ಗೀಚಿದ್ದರು, ಯದ್.
ಕೈ.

ನಿಜದ ನಡುಕ ನಾನು ಕಂಡಿದ್ದೇನೆ.
ಡಾಕ್ಟರ್ ದಲಾಲ್, ಮೊದಲ ವರ್ಷ, ರಾತ್ರಿ ಮೂರೂಕಾಲು,
ಅಪೆಂಡಿಕ್ಸ್ ಒಡೆದ ಟ್ರಕ್ ಡ್ರೈವರು.
ಅವಳು ಚಾಚಿದ ಅಂಗೈ
ಅನ್ನ ಕುದಿಯುವಾಗಿನ ಮುಚ್ಚಳದಂತೆ ಅದುರುತ್ತಿತ್ತು.
ಹಿನ್ನೆಲೆ ಸಂಗೀತವೆಂದರೆ ಸಕ್ಷನ್ನಿನ ಗೊರಗೊರ.
ದೊಡ್ಡ ಡಾಕ್ಟರು ಗಡಿಯಾರ ನೋಡುತ್ತಿದ್ದರು.
ನೀಡಲ್ ಹೋಲ್ಡರನ್ನು ಅಂಗೈಗೆ ತಟ್ಟಿ ಕೊಡುವುದು ನಮ್ಮ ರೂಢಿ.
ಅಂದು ತಟ್ಟಲಿಲ್ಲ, ಒತ್ತಿದೆ,
ಒತ್ತಿ, ಒಂದು ಉಸಿರಿನಷ್ಟು ಹೊತ್ತು ಬಿಡಲಿಲ್ಲ.
ಅವಳು ನನ್ನ ಕಡೆ ನೋಡಲಿಲ್ಲ. ನೋಡಬಾರದು ಕೂಡ.
ಗಂಟು ಕೂತಿತು.
ಮುಚ್ಚುವ ಮೊದಲು ಲೆಕ್ಕ ಕೇಳಿದಳು.
ಸ್ಪಂಜು ಇಪ್ಪತ್ತಕ್ಕೆ ಇಪ್ಪತ್ತು, ಎಂದೆ.
ಧಾರಾವಾಹಿಯಲ್ಲಿ ಯಾರೂ ಎಣಿಸುವುದಿಲ್ಲ.
ಆ ಹೊಟ್ಟೆಗಳೊಳಗೆ ಏನೇನು ಉಳಿದಿದೆಯೋ ದೇವರೇ ಬಲ್ಲ.

ರಂಜಾನಿನ ಒಂಬತ್ತನೇ ರಾತ್ರಿ
ಜನ ಸಾಲದೆಂದು ನನ್ನನ್ನು ವಾರ್ಡಿಗೆ ಕಳಿಸಿದ್ದರು.
ಹದಿನೇಳನೇ ಹಾಸಿಗೆಯ ಉಮ್ಮ್ ಮಿಶಾರಿ,
ಪಿತ್ತಕೋಶ ತೆಗೆದು ಮೂರು ದಿನ,
ಕಣ್ಣು ಟೀವಿಗೆ, ಹೊಟ್ಟೆ ನನಗೆ.
ಉಪ್ಪುನೀರಲ್ಲಿ ನೆನೆಸಿ ನೆನೆಸಿ
ಹಳೆಯ ಡ್ರೆಸ್ಸಿಂಗ್ ಬಿಡಿಸುತ್ತಿದ್ದೆ.
ಪರದೆಯಲ್ಲಿ ನಲ್ಲಿ ಸುರಿಯಿತು.
ಎರಡು ಕೈ ಬಂದವು, ಬಣ್ಣ ನೀರಿಗೆ ಕರಗಿ
ಎಡ ಹೆಬ್ಬೆರಳ ಬುಡದಲ್ಲಿ ಅದೇ ಗೀರು.
ಆಮೇಲೆ ನಾಯಕಿಯ ಮುಖ.

"ತಸ್ಲಮ್ ಈದಿಚ್" ಎಂದಳು ಮುದುಕಿ, ಪರದೆಗೆ.
ನಿನ್ನ ಕೈ ಸುಖವಾಗಿರಲಿ ಎಂದು.
ನಮ್ಮೂರಲ್ಲಾದರೆ ಕೈಗುಣ ಅನ್ನುತ್ತಿದ್ದರು,
ಡಾಕ್ಟರ ಓದು ಎಷ್ಟೆಂದು ಕೇಳುವ ಮೊದಲು ಅದನ್ನು ಕೇಳುತ್ತಿದ್ದರು.

ಅಂಥ ಮಾತಿಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ.
"ಅಲ್ಲಾ ಯಿಸಲ್ಮಿಚ್" ಎಂದುಬಿಟ್ಟೆ.
ಮುದುಕಿ ಮೊದಲ ಸಲ ನನ್ನತ್ತ ಹೊರಳಿ ನೋಡಿದಳು.
ನಿನಗಲ್ಲ, ಅವಳಿಗೆ ಹೇಳಿದ್ದು.

ಸರಿ ಯುಮ್ಮಾ, ಎಂದೆ,
ಸ್ವಲ್ಪ ಉಸಿರು ಹಿಡಿದುಕೊಳ್ಳಿ,
ಕೊನೆಯ ಪಟ್ಟಿ, ಚೂರು ಎಳೆಯುತ್ತದೆ.