ಕಾಲ್ಗುಣ

ಕುತೈಸಿಯ ಹಸಿರು ಬಜಾರಿನ ಹಿಂದೆ ಕೂತು
ಮೂವತ್ತೆಂಟು ವರ್ಷ ಊರಿನ ಅಂಗಾಲು ನೋಡಿದವನು
ನನ್ನ ಗಂಡ ಜುಂಬೆರ್.
ಅಟ್ಟೆ ಸವೆದ ಬಗೆಯಲ್ಲೇ ಹೇಳುತ್ತಾನೆ
ಯಾರಿಗೆ ಎಡ ಮೊಣಕಾಲು ನೋವು,
ಯಾರು ಸಾಲ ಕೊಟ್ಟವನ ಕಣ್ತಪ್ಪಿಸಿ ಓಡಾಡುತ್ತಾರೆ.
ಕೋಳಿಯದು ಮಾತ್ರ ಗೊತ್ತಾಗಲಿಲ್ಲ.

ನಾನೇ ಕಂಡದ್ದು, ಡಿಸೆಂಬರಿನ ಒಂದು ಬೆಳಿಗ್ಗೆ:
ಎಲೆ ಉದುರಿದ ಪರ್ಸಿಮನ್ ಮರದ ಕೆಳಗೆ
ನಮ್ಮ ಚುಕ್ಕೆಕೋಳಿ ಚ್ರೆಲಾ
ಒಂಟಿಕಾಲಲ್ಲಿ ನಿಂತಿದ್ದಳು.
ತಪಸ್ಸಲ್ಲ, ನೋವು.
ಎತ್ತಿ ತಿರುವಿದೆ. ಅಂಗಾಲಿನ ನಡುವೆ
ಕಾಳುಮೆಣಸಿನಷ್ಟು ಕರಿ ಹಕ್ಕಳೆ,
ಸುತ್ತ ಕೆಂಪು, ಮುಟ್ಟಿದರೆ ಬಿಸಿ.
ಗೂಡಿನ ಅಡ್ಡಗೋಲು ಅಷ್ಟೆತ್ತರ ಕಟ್ಟಿದ್ದು ಯಾರು,
ಕೆಳಗೆ ಜಲ್ಲಿ ಸುರಿದದ್ದು ಯಾರು
ಎಂದೆಲ್ಲ ಆಗ ಕೇಳಲಿಲ್ಲ.
ಆಮೇಲೆ ಕೇಳಿದೆ, ಎರಡು ಸಲ.

ಬೇಲಿಯಾಚೆಯಿಂದ ಎತೇರಿ ಅಂದಳು:
ಇದಕ್ಕೆ ಮದ್ದಿದೆಯಲ್ಲ,
ಬೆಳ್ಳುಳ್ಳಿ, ಆಕ್ರೋಟು, ಕೊತ್ತಂಬರಿ ಬೀಜ, ಸಣ್ಣ ಉರಿ.
ಹೊಸ ವರ್ಷಕ್ಕೆ ಇನ್ನು ಹದಿಮೂರೇ ದಿನ.
ನಗು ಬಂತು, ನಕ್ಕೆ. ಅಷ್ಟರಲ್ಲಿ
ಬೋಗುಣಿ ಒಲೆಯ ಮೇಲೇರಿ ಆಗಿತ್ತು.

ಕೂಸಿನ ಸ್ನಾನಕ್ಕೆ ನೋಡುವ ಹಾಗೆ
ಮೊಣಕೈ ಅದ್ದಿ ನೋಡಿದ ನೀರು. ಒಂದು ಹಿಡಿ ಉಪ್ಪು.
ಟವೆಲಿನಲ್ಲಿ ಸುತ್ತಿ, ಹಳೆ ಕಾಲುಚೀಲದಿಂದ ಕಣ್ಣು ಮುಚ್ಚಿದರೆ
ಕೋಳಿಗೆ ಅಲ್ಲೇ ರಾತ್ರಿಯಾಗುತ್ತದೆ.
ಅವಳ ಎದೆಬಡಿತ ನನ್ನ ಅಂಗೈಯಲ್ಲಿ
ದೂರದಲ್ಲಿ ಯಾರೋ ಹೊಲಿಗೆ ಯಂತ್ರ ತುಳಿದಂತೆ.

ಜುಂಬೆರ್ ಹಣೆಯಿಂದ ಕನ್ನಡಕ ಇಳಿಸಿದ.
ಚಾಕು ಬೇಡ ಎಂದೆ. ಚಿಮಟ ಎಂದ.
ನೆಂದ ಹಕ್ಕಳೆ ಎದ್ದು ಬಂತು, ಅದರ ಬೆನ್ನಿಗೇ
ಹಳದಿ ಆಣಿ, ಬೇರು ಸಮೇತ,
ಗಟ್ಟಿ ಚೀಸಿನ ತುಣುಕಿನ ಹಾಗೆ.
ಆ ರಾತ್ರಿ ನಮ್ಮ ಊಟದಲ್ಲಿ ಚೀಸ್ ಇರಲಿಲ್ಲ.
ಅಯೋಡಿನ್, ಜೇನು, ಮಡಿಸಿದ ಹತ್ತಿಬಟ್ಟೆ.
ಗಾಯಕ್ಕೆ ಸುರಿಯಲೆಂದು ತಂದ ದ್ರಾಕ್ಷಿ ಸಾರಾಯಿಯನ್ನು
ಆತ ತನ್ನ ಗಂಟಲಿಗೇ ಸುರಿದುಕೊಂಡ.

ಪಟ್ಟಿ ನಿಲ್ಲಲಿಲ್ಲ. ಕೊಕ್ಕಿಗೆ ಬೇರೆ ಕೆಲಸವಿರಲಿಲ್ಲ.
ಮೂರನೆಯ ರಾತ್ರಿ ಒಲೆಯ ಬಳಿ ಕೂತು
ಯಾರದೋ ಮದುವೆ ಬೂಟಿನಿಂದ ಉಳಿದ ಮೃದು ತೊಗಲು ಕತ್ತರಿಸಿ,
ಮುಂದಿನ ಬೆರಳಿಗೆ ಮೂರು ಸೀಳು, ಹಿಂದಕ್ಕೊಂದು ಲಾಡಿ,
ಕೋಳಿಗೆ ಬೂಟು ಹೊಲಿದ.
ಅಳತೆಗೆಂದು ಅವಳ ಕಾಲನ್ನು
ತನ್ನ ಮಂಡಿಯ ಮೇಲಿಟ್ಟುಕೊಂಡ ರೀತಿ ನೋಡಿ
ಒಂದು ಮಾತು ನನ್ನ ಬಾಯಿಗೆ ಬಂದು ನಿಂತಿತು.
ನನ್ನ ಹಿಮ್ಮಡಿಯ ಬಿರುಕಿಗೆ ಮೂರು ಚಳಿಗಾಲ.
ಆಡಲಿಲ್ಲ. ಕಾಲನ್ನು ಲಂಗದೊಳಗೆ ಎಳೆದುಕೊಂಡೆ.

ನಾನು ಈ ಮನೆ ಹೊಕ್ಕ ವರ್ಷ
ದ್ರಾಕ್ಷಿಬಳ್ಳಿಗೆ ಬೂಷ್ಟು ಹಿಡಿಯಿತು, ಹಂದಿ ಸತ್ತಿತು.
ಅತ್ತೆ ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು.
ಕಾಲ್ಗುಣ, ಅಂದರು ಮೆಲ್ಲಗೆ,
ನನಗೆ ಕೇಳುವಷ್ಟು ಮೆಲ್ಲಗೆ.
ಅಂದಿನಿಂದ ಹೊಸ ವರ್ಷದ ನಡುರಾತ್ರಿ
ನಾನು ಹೊರಗೆ ಹೋಗಿ ಒಳಗೆ ಬರುವ ಹಾಗಿಲ್ಲ,
ಎತೇರಿಯ ಗಂಡ ಅರ್ಚಿಲ್ ಬಂದು ಮೊದಲ ಹೆಜ್ಜೆ ಇಡುವ ತನಕ.
ಬೀದಿಗೆಲ್ಲ ಅವನ ಕಾಲೇ ಆಗಬೇಕು:
ಕೈಯಲ್ಲಿ ಮಿಠಾಯಿ ಬುಟ್ಟಿ, ಬಲಗಾಲು ಮುಂದೆ,
ಕಾಲಿಟ್ಟೆ, ದೇವರು ನಿಮ್ಮನ್ನು ಹರಸಲಿ.
ಅತ್ತೆ ಹೋಗಿ ಹತ್ತೊಂಬತ್ತು ವರ್ಷವಾಯಿತು.
ಹೇಳುವವರಿಲ್ಲ. ಆದರೂ.

ಹನ್ನೊಂದನೆಯ ದಿನ ಚ್ರೆಲಾಳನ್ನು ಗೂಡಿಗೆ ಬಿಟ್ಟೆವು.
ಅಡ್ಡಗೋಲು ಮೊಣಕಾಲೆತ್ತರಕ್ಕೆ ಇಳಿದಿತ್ತು.
ಆ ರಾತ್ರಿ ಅರ್ಚಿಲ್ ಬೀದಿಯ ತುದಿಮನೆಯಲ್ಲಿ
ಎಷ್ಟನೆಯದೋ ಲೋಟಕ್ಕೆ ಸಿಕ್ಕಿಬಿದ್ದಿದ್ದ.
ಹನ್ನೆರಡು ಹೊಡೆಯಿತು. ಆಕಾಶದ ತುಂಬ ಪಟಾಕಿ.
ಓರೆ ಬಾಗಿಲ ಸಂದಿಯಲ್ಲಿ
ಮೊದಲು ಕತ್ತು, ಆಮೇಲೆ ಬೂಟು.
ಒಂದು ಹೆಜ್ಜೆ ಉಗುರಿನ ಸದ್ದು,
ಒಂದು ಹೆಜ್ಜೆ ತೊಗಲಿನದು.
ಬಲಗಾಲೋ ಎಡಗಾಲೋ, ಇವತ್ತಿಗೂ ನಮ್ಮಿಬ್ಬರಿಗೆ ಜಗಳ.
ನಡುಮನೆಯಲ್ಲಿ ಒಂದಿಷ್ಟು ಹಿಕ್ಕೆ ಹಾಕಿ
ಒಲೆಯ ಪಕ್ಕದ ತನ್ನ ರಟ್ಟಿನ ಪೆಟ್ಟಿಗೆಗೆ ಹೋಗಿ ಕೂತಳು.

ಮೇಜಿನ ಮೇಲೆ ಆಕ್ರೋಟಿನ ಗೊಜ್ಜು ಆರುತ್ತಿತ್ತು,
ಈ ಸಲ ಬದನೆಕಾಯಿಯದು.
ಜುಂಬೆರ್ ಮಂಡಿಯೂರಿ ನೆಲ ಒರೆಸುತ್ತ ಹೋದ,
ಹೊಸ್ತಿಲ ಮೇಲಿನ ಕೆಸರು ಹೆಜ್ಜೆ ಒಂದನ್ನು ಬಿಟ್ಟು.

ಅರ್ಚಿಲ್ ಬಂದಾಗ ಬುಟ್ಟಿಯಲ್ಲಿ ಅರ್ಧ ಮಿಠಾಯಿ ಉಳಿದಿತ್ತು.
ಹೊಸ್ತಿಲು ನೋಡಿದ, ಎತ್ತಿದ ಕಾಲು ಹಾಗೇ ನಿಂತಿತು.
ಯಾರು ಬಂದರು ಮೊದಲು, ಕೇಳಿದ.

ಮನೆಯವಳೇ, ಅಂದ ಜುಂಬೆರ್,
ಬಟ್ಟೆ ಹಿಂಡುತ್ತ.